ಎಂಟು ಸಾವಿರದೊಳಗೆ ನಮ್ಮ ದೇಶದಲ್ಲೇ ತಯಾರಾದ ಉಕ್ಕಿನ ಸೈಕಲ್: ಯಾವುದನ್ನು ಕೊಳ್ಳುವುದು?

ಹಾವೇರಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಶಿಕ್ಷಕ. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್ ದೂರ. ಅರ್ಧ ಡಾಂಬರು, ಉಳಿದದ್ದು ಗರಸಿನ ರಸ್ತೆ. ಇನ್ನು ಮುಂದೆ ಸೈಕಲ್ಲಿನಲ್ಲೇ ಹೋಗಿಬರಬೇಕೆಂದು ನಿಶ್ಚಯಿಸಿದ್ದೇನೆ. ನನ್ನ ಎತ್ತರ 5 ಅಡಿ 4 ಅಂಗುಲ. ಕ್ಯಾರಿಯರ್ ಮೇಲೆ ಉತ್ತರಪತ್ರಿಕೆಗಳ ಕಟ್ಟು, ವಾರಕ್ಕೊಮ್ಮೆ ಸಂತೆಯ ಚೀಲ ಇದ್ದೇ ಇರುತ್ತದೆ.

ಪೇಟೆಯ ಅಂಗಡಿಗಳಲ್ಲಿ ವಿಚಾರಿಸಿದರೆ ದಪ್ಪ ಟೈರಿನ, ಡಿಸ್ಕ್ ಬ್ರೇಕಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲುಗಳನ್ನೇ ತೋರಿಸುತ್ತಾರೆ. ನೋಡಲು ಚೆನ್ನಾಗಿವೆ, ಆದರೆ ಅವುಗಳಲ್ಲಿ ಏನಾದರೂ ಕೆಟ್ಟರೆ ನಮ್ಮೂರಿನ ಪಂಚರ್ ಅಂಗಡಿಯವರು ಕೈಚೆಲ್ಲುತ್ತಾರೆ. ನನಗೆ ಬೇಕಾಗಿರುವುದು ಉಕ್ಕಿನ ಫ್ರೇಮಿನ, ಸಾಧ್ಯವಾದಷ್ಟೂ ಭಾರತದಲ್ಲೇ ತಯಾರಾದ ಬಿಡಿಭಾಗಗಳಿರುವ, ನಮ್ಮ ತಾಲ್ಲೂಕಿನೊಳಗೇ ರಿಪೇರಿಯಾಗುವ ಸೈಕಲ್. ಎಂಟು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಯಾವ ಕಂಪನಿಯದನ್ನು ನೋಡಬಹುದು, ದೇಶೀಯವೆಂದು ಖಚಿತಪಡಿಸಿಕೊಳ್ಳುವುದು ಹೇಗೆ, ಉಕ್ಕಿನ ಕಂಬಿಗಳಿಂದ ಎಳೆಯುವ ರಾಡ್ ಬ್ರೇಕು ಒಳ್ಳೆಯದೋ ಕೇಬಲ್ ಬ್ರೇಕೋ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ದಾವಣಗೆರೆ ಸೈಕಲ್ ಷಾಪ್

ಮೇಷ್ಟ್ರೇ, ನಮ್ಮ ತಂದೆಯವರ ಕಾಲದಿಂದಲೂ ನಮ್ಮದು ಸೈಕಲ್ ರಿಪೇರಿ ಅಂಗಡಿ. ನಾವೀಗ ಹೊಸ ಸೈಕಲ್ ಮಾರುವುದಿಲ್ಲವಾದ್ದರಿಂದ ಯಾವ ಕಂಪನಿಯ ಪರವಾಗಿಯೂ ಮಾತಾಡಬೇಕಾದ ಹಂಗು ನನಗಿಲ್ಲ.

ನೀವು ಕೇಳುತ್ತಿರುವಂಥ ಸೈಕಲ್ಲನ್ನು ಅಂಗಡಿಯವರು ‘ಸ್ಟ್ಯಾಂಡರ್ಡ್’ ಅಥವಾ ‘ರೋಡ್‌ಸ್ಟರ್’ ಎಂದು ಕರೆಯುತ್ತಾರೆ. ಕಾಳಿನ ಮೂಟೆ, ಹಾಲಿನ ಕ್ಯಾನು ಹೊತ್ತು ತಿರುಗುವ ಕಪ್ಪು ಸೈಕಲ್ಲು ಅದೇ. ಲುಧಿಯಾನದ ಹೀರೋ ಮತ್ತು ಏವನ್, ಚೆನ್ನೈನ ಟಿಐ ಸಂಸ್ಥೆಯ ಹರ್ಕ್ಯುಲಿಸ್ ಮತ್ತು ಬಿಎಸ್‌ಎ, ಇವುಗಳಲ್ಲಿ ನಿಮ್ಮ ಹತ್ತಿರದ ಪೇಟೆಯಲ್ಲಿ ಯಾವುದು ಸುಲಭವಾಗಿ ಸಿಗುತ್ತದೆಯೋ ಅದನ್ನು ನೋಡಿ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು; ಅದೇ ದಿನ ವಿಶ್ವ ಸೈಕಲ್ ದಿನವಾಗಿತ್ತೆಂಬುದು ಈಗಲೂ ನನ್ನ ಮನಸ್ಸಿಗೆ ನೋವು ತರುತ್ತದೆ. ಆದರೂ ಹಳೆಯ ಅಟ್ಲಾಸ್ ಇಟ್ಟುಕೊಂಡವರಿಗೆ ತೊಂದರೆಯಾಗಿಲ್ಲ. ಈ ಬಗೆಯ ಸೈಕಲ್ಲುಗಳ ಆಕ್ಸಲ್, ಫ್ರೀವೀಲ್, ಚೈನು, ಕಾಟರ್ ಪಿನ್ (ಪೆಡಲಿನ ತೋಳನ್ನು ಬಿಗಿಯಾಗಿ ಹಿಡಿಯುವ ಕೀಲು) ಮೊದಲಾದವು ಬಹುಮಟ್ಟಿಗೆ ಒಂದೇ ಅಳತೆಯವಾದ್ದರಿಂದ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುತ್ತದೆ. ನೀವು ಕೇಳುವ ದುರಸ್ತಿಯ ಸೌಕರ್ಯ ಸಿಗುವುದು ಈ ಗುಣದಿಂದ, ಕಂಪನಿಯ ಹೆಸರಿನಿಂದಲ್ಲ.

ಉಕ್ಕೋ ಅಲ್ಯೂಮಿನಿಯಮ್ಮೋ ಎಂದು ತಿಳಿಯಲು ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ ಫ್ರೇಮಿಗೆ ತಾಗಿಸಿ ನೋಡಿ. ಬಳಿಕ ಕೊಳವೆಗಳು ಕೂಡುವ ಜಾಗವನ್ನು ಗಮನಿಸಿ. ಅಲ್ಲಿ ಲಗ್ ಎಂಬ ಉಕ್ಕಿನ ತೋಳಿನೊಳಗೆ ಕೊಳವೆಯನ್ನು ತೂರಿಸಿ ಹಿತ್ತಾಳೆ ಕರಗಿಸಿ ಬೆಸೆದಿದ್ದರೆ ಅದು ಹಳೆಯ ಕ್ರಮದ, ನಂಬಬಹುದಾದ ಕೆಲಸ. ಬರಿಯ ವೆಲ್ಡಿಂಗ್ ಇದ್ದರೆ ಕೆಟ್ಟದ್ದೆಂದು ಅರ್ಥವಲ್ಲ, ಆದರೆ ವೆಲ್ಡಿಂಗಿನ ಗೆರೆ ಒಂದೇ ಸಮನಾಗಿದೆಯೇ, ನಡುವೆ ತೂತುಗಳೇನಾದರೂ ಉಳಿದಿವೆಯೇ ಎಂದು ಬೆರಳಾಡಿಸಿ ನೋಡಬೇಕು.

ಬ್ರೇಕಿನ ವಿಷಯದಲ್ಲಿ ನನ್ನ ಮತ ರಾಡ್ ಬ್ರೇಕಿಗೇ. ಅದರ ರಬ್ಬರು ರಿಮ್ಮಿನ ಒಳಮುಖವನ್ನು ಒತ್ತುವುದರಿಂದ ಗರಸಿನ ರಸ್ತೆಯಲ್ಲಿ ಚಕ್ರ ಸ್ವಲ್ಪ ಬೆಂಡಾದರೂ ಬ್ರೇಕು ಉಜ್ಜುವುದಿಲ್ಲ. ತುಕ್ಕು ಹಿಡಿದು ತುಂಡಾಗಲು ಅದರಲ್ಲಿ ಕೇಬಲ್ಲೇ ಇಲ್ಲ.

ಮಲೆನಾಡ ಹಾದಿ

ದಾವಣಗೆರೆಯವರ ಅನುಭವದ ಮೇಲೆ ನನಗೆ ಪೂರ್ಣ ಗೌರವವಿದೆ, ಆದರೆ ಬ್ರೇಕಿನ ಮಾತನ್ನು ನಾನು ಒಪ್ಪಲಾರೆ. ನಾನು ಸಾಗರದ ಕಡೆಯವಳು, ಮಳೆಗಾಲದಲ್ಲೂ ಸೈಕಲ್ಲಿನಲ್ಲೇ ಓಡಾಡುವವಳು. ಹೊಳಪಿನ ಲೇಪವಿರುವ ಉಕ್ಕಿನ ರಿಮ್ಮು ಒದ್ದೆಯಾದರೆ ರಾಡ್ ಬ್ರೇಕು ಎಷ್ಟು ಒತ್ತಿದರೂ ಸೈಕಲ್ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಇಳಿಜಾರಿದ್ದರಂತೂ ಕಾಲು ಕೊಟ್ಟೇ ನಿಲ್ಲಿಸಬೇಕಾಗುತ್ತದೆ. ಉಕ್ಕಿನ ರಿಮ್ಮಿರುವವರೆಗೆ ಕೇಬಲ್ ಬ್ರೇಕಿಗೂ ಇದೇ ದೋಷ ಸ್ವಲ್ಪ ಮಟ್ಟಿಗೆ ಇರುತ್ತದೆ ನಿಜ. ಆದರೆ ಅಲ್ಯೂಮಿನಿಯಂ ರಿಮ್ಮಿನ ಜೊತೆ ಕೇಬಲ್ ಬ್ರೇಕು ಇದ್ದರೆ ಮಳೆಯಲ್ಲಿ ಕಾಣುವ ವ್ಯತ್ಯಾಸ ಬಹಳ ದೊಡ್ಡದು. ಮೇಷ್ಟ್ರ ಊರು ಬಯಲು ಸೀಮೆಯಾದ್ದರಿಂದ ರಾಡ್ ಬ್ರೇಕಿನಲ್ಲಿ ನಡೆದೀತು. ಹಾನಗಲ್ಲಿನ ಕಡೆಯ ಮಳೆಯಿದ್ದರೆ ಯೋಚಿಸಿ ನಿರ್ಧರಿಸಲಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಯಾರೂ ಹೇಳಲಿಲ್ಲ. 5 ಅಡಿ 4 ಅಂಗುಲ ಎತ್ತರದವರಿಗೆ 28 ಅಂಗುಲದ ಚಕ್ರ, 22 ಅಂಗುಲದ ಫ್ರೇಮು ದೊಡ್ಡದಾಗುತ್ತದೆ. ಸೀಟನ್ನು ಪೂರ್ತಿ ಇಳಿಸಿದರೂ ನಿಂತಾಗ ಅಡ್ಡ ಬಾರು ತಾಗುತ್ತದೆ, ಕ್ಯಾರಿಯರ್ ಮೇಲೆ ಭಾರ ಹೇರಿಕೊಂಡು ನಿಲ್ಲಿಸುವಾಗ ಒಂದು ಕಡೆ ವಾಲುತ್ತದೆ. ಚಿಕ್ಕವರಿದ್ದಾಗ ಒಳಪೆಡಲ್ ಹೊಡೆದು ಕಲಿತವರು ಇದನ್ನೊಂದು ತೊಂದರೆಯೆಂದೇ ಎಣಿಸುವುದಿಲ್ಲ, ಆದರೆ ದಿನಾ ಓಡಿಸುವ ಸೈಕಲ್ಲಿನಲ್ಲಿ ಇದು ಮಂಡಿಗೂ ಸೊಂಟಕ್ಕೂ ಸಲ್ಲದ ಶಿಕ್ಷೆ. ಆದ್ದರಿಂದ 20 ಅಂಗುಲದ ಫ್ರೇಮನ್ನು ಅಥವಾ 26 ಅಂಗುಲದ ಚಕ್ರದ ಸೈಕಲ್ಲನ್ನು ಕೇಳಿ. ಅಡ್ಡ ಬಾರಿಲ್ಲದ ಮಾದರಿಯನ್ನು ಹೆಂಗಸರದ್ದೆಂದು ತಳ್ಳಿಹಾಕುವ ಅಗತ್ಯವೂ ಇಲ್ಲ. ಭಾರ ಹೇರಿದಾಗ ಹತ್ತಿ ಇಳಿಯಲು ಅದೇ ಎಲ್ಲಕ್ಕಿಂತ ಸುಲಭ.

ಪಂಜಾಬಿನಿಂದ ಕನ್ನಡಿಗ

ನಾನು ಲುಧಿಯಾನದಲ್ಲಿ ಸೈಕಲ್ಲಿನ ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ಹಲವು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದವನು. ‘ದೇಶೀಯ’ ಎನ್ನುವುದನ್ನು ಹೇಗೆ ಅಳೆಯಬೇಕೆಂಬುದರ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಗೇರಿಲ್ಲದ ಉಕ್ಕಿನ ಸೈಕಲ್ಲೊಂದನ್ನು ಬಿಚ್ಚಿ ಹರಡಿದರೆ ನಮ್ಮ ದೇಶದ ಕಾರ್ಖಾನೆಗಳ ಪಟ್ಟಿಯೇ ಎದುರಿಗಿರುತ್ತದೆ. ರಿಮ್ಮು, ಹಬ್ಬು, ಕಡ್ಡಿ, ಪೆಡಲು, ಸೀಟು ಲುಧಿಯಾನದ ಸಣ್ಣ ಸಣ್ಣ ಘಟಕಗಳಲ್ಲಿ ತಯಾರಾಗುತ್ತವೆ. ಟೈರು ಲುಧಿಯಾನದ ರಾಲ್ಸನ್ ಕಂಪನಿಯದ್ದೋ ಹೈದರಾಬಾದಿನ ಹಾರ್ಟೆಕ್ಸ್‌ನದ್ದೋ ಇರಬಹುದು. ಹೀರೋ 1956ರಲ್ಲಿ ಆರಂಭವಾಗಿದ್ದೂ ಇದೇ ಊರಿನಲ್ಲಿ. ಚೆನ್ನೈನ ಅಂಬತ್ತೂರಿನ ಟಿಐ ಸೈಕಲ್ಸ್ 1949ರದ್ದು. ಗೇರು, ಡಿಸ್ಕ್ ಬ್ರೇಕು, ಶಾಕ್ ಅಬ್ಸಾರ್ಬರ್ ಸೇರಿದಂತೆಲ್ಲ ಹೊರದೇಶದಿಂದ ಬಂದ ಭಾಗಗಳ ಪಾಲು ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದ ಬಿಲ್ಲಿನ ಮೇಲೆ ಭಾರತೀಯ ಕಂಪನಿಯ ಹೆಸರಿದ್ದ ಮಾತ್ರಕ್ಕೆ ಸೈಕಲ್ ಪೂರ್ತಿ ನಮ್ಮದೆಂದು ತಿಳಿಯಬಾರದು. ಮೇಷ್ಟ್ರು ಸರಳವಾದದ್ದನ್ನು ಆರಿಸಿಕೊಂಡರೆ ದೇಶೀಯವಾದದ್ದೂ ತಾನಾಗಿಯೇ ಸಿಕ್ಕಂತಾಗುತ್ತದೆ.

ಬೆಲೆಯ ವಿಚಾರದಲ್ಲಿ ಒಂದು ಸೂಚನೆ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೆಯ ದರ ಹಾಕಿದ್ದರೆ ಸರಿಪಡಿಸಲು ಕೇಳುವ ಹಕ್ಕು ನಿಮಗಿದೆ.

ಹಾವೇರಿ ಮೇಷ್ಟ್ರು

ಇಷ್ಟು ವಿವರವಾಗಿ ಬರೆದ ಮೂವರಿಗೂ ಕೃತಜ್ಞತೆಗಳು. ಫ್ರೇಮಿನ ಅಳತೆಯ ಮಾತು ಹೇಳದೇ ಇದ್ದಿದ್ದರೆ ಅಂಗಡಿಯಲ್ಲಿ ನಾನು ಕೇಳುತ್ತಲೇ ಇರಲಿಲ್ಲ. 26 ಅಂಗುಲದ ಚಕ್ರದ, ಕೇಬಲ್ ಬ್ರೇಕಿನ, ಗೇರಿಲ್ಲದ ಸೈಕಲ್ಲನ್ನೇ ನೋಡುವುದೆಂದು ತೀರ್ಮಾನಿಸಿದ್ದೇನೆ. ಎರಡು ಸಂದೇಹ ಉಳಿದಿವೆ. 26 ಅಂಗುಲದ್ದೆಂದರೆ ಎಲ್ಲದಕ್ಕೂ ಒಂದೇ ಟೈರು ಕೂರುತ್ತದೆಯೇ? ಮನೆಗೆ ತರುವ ಮುಂಚೆ ಸೈಕಲ್ಲಿನಲ್ಲಿ ಏನೇನು ಪರೀಕ್ಷಿಸಬೇಕು?

ದಾವಣಗೆರೆ ಸೈಕಲ್ ಷಾಪ್

ಮಳೆಯ ಊರಿನ ಸೋದರಿ ಹೇಳಿದ್ದು ನ್ಯಾಯವಾಗಿದೆ. ಒದ್ದೆ ರಿಮ್ಮಿನ ವಿಷಯದಲ್ಲಿ ವಾದಿಸಲು ನನ್ನ ಬಳಿ ಏನೂ ಇಲ್ಲ.

ಮೇಷ್ಟ್ರೇ, 26 ಎಂದ ಮಾತ್ರಕ್ಕೆ ಒಂದೇ ಅಳತೆಯಲ್ಲ, ಇದರಲ್ಲಿ ಬಹಳ ಜನ ಮೋಸಹೋಗುತ್ತಾರೆ. ಟೈರಿನ ಪಕ್ಕದಲ್ಲಿ 26 × 1⅜ ಎಂದೂ ಜೊತೆಗೆ 37-590 ಎಂದೂ ಅಚ್ಚಾಗಿದ್ದರೆ ಅದು ಸಾಮಾನ್ಯ ಸೈಕಲ್ಲಿನ ತೆಳುವಾದ ಟೈರು. ದಪ್ಪ ಗುಬ್ಬಿಗಳ ಟೈರಿನ ಸೈಕಲ್ಲಿನಲ್ಲಿ ಕೊನೆಯ ಸಂಖ್ಯೆ 559 ಎಂದಿರುತ್ತದೆ. ಇವೆರಡೂ 26 ಅಂಗುಲದ್ದೆಂದೇ ಮಾರಾಟವಾದರೂ ಒಂದರ ರಿಮ್ಮಿಗೆ ಇನ್ನೊಂದರ ಟೈರು ಕೂರುವುದಿಲ್ಲ. ದೊಡ್ಡ ಕಪ್ಪು ಸೈಕಲ್ಲಿನ 28 × 1½ಕ್ಕೆ 635 ಎಂಬ ಸಂಖ್ಯೆ ಇರುತ್ತದೆ. ಕೊಳ್ಳುವ ಮುಂಚೆ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ನಿಮ್ಮೂರಿನ ಪಂಚರ್ ಅಂಗಡಿಯವರಿಗೆ ತೋರಿಸಿ, ಆ ಟೈರು ಅವರಲ್ಲಿ ಸದಾ ಇರುತ್ತದೆಯೇ ಎಂದು ಕೇಳಿ ಬನ್ನಿ.

ಇನ್ನು ಪರೀಕ್ಷೆ. ಹೊಸ ಸೈಕಲ್ ಕಾರ್ಖಾನೆಯಿಂದ ಪೂರ್ತಿ ಜೋಡಣೆಯಾಗಿ ಬರುವುದಿಲ್ಲ, ಅಂಗಡಿಯ ಹುಡುಗರು ಜೋಡಿಸುತ್ತಾರೆ, ಹಬ್ಬದ ದಿನಗಳಲ್ಲಿ ಅವಸರದಲ್ಲಿ ಜೋಡಿಸುತ್ತಾರೆ. ಫ್ರೇಮು ನೇರವಿದೆಯೇ ಎಂದು ತಿಳಿಯಲು ಒಂದು ನೂಲು ಸಾಕು. ಹಿಂಚಕ್ರದ ಆಕ್ಸಲ್ ಕೂರುವ ಒಂದು ಬದಿಯ ಕಚ್ಚಿಗೆ ನೂಲಿನ ತುದಿ ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆಯ ಮುಂಭಾಗವನ್ನು ಬಳಸಿ ತಂದು, ಇನ್ನೊಂದು ಬದಿಯ ಕಚ್ಚಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯ ಎಡಕ್ಕೂ ಬಲಕ್ಕೂ ನೂಲಿನಿಂದ ಇರುವ ಅಂತರ ಸಮನಾಗಿರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸವನ್ನು ಬಿಟ್ಟುಬಿಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಸೈಕಲ್ ತೆಗೆಸಿ.

ಬಳಿಕ ಎರಡೂ ಚಕ್ರಗಳನ್ನು ಎತ್ತಿ ತಿರುಗಿಸಿ ಬೆಂಡು ತೆಗೆದಿದ್ದಾರೆಯೇ ನೋಡಿ, ಕಡ್ಡಿಗಳನ್ನು ಎರಡೆರಡಾಗಿ ಹಿಸುಕಿ ಸಡಿಲವಾದವು ಇವೆಯೇ ಎಂದು ತಿಳಿದುಕೊಳ್ಳಿ. ಪೆಡಲ್ ತುಳಿದಾಗ ಪ್ರತಿ ಸುತ್ತಿಗೂ ‘ಟಕ್’ ಎಂದು ಸದ್ದು ಬಂದರೆ ಕಾಟರ್ ಪಿನ್ ಸರಿಯಾಗಿ ಕೂತಿಲ್ಲ. ಹಾಗೆಯೇ ಓಡಿಸಿದರೆ ಪಿನ್ನಿನ ಚಪ್ಪಟೆ ಭಾಗ ಸವೆದು ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ಆಡತೊಡಗುತ್ತದೆ. ಅಂಗಡಿಯಲ್ಲೇ ಬಡಿಸಿ ಬಿಗಿ ಮಾಡಿಸಿ. ಹಬ್ಬು ಬಿಚ್ಚಿ ಗ್ರೀಸು ತುಂಬಿಸಿ ಕೊಡಲು ಕೇಳಿ, ಅದಕ್ಕೆ ಬೇರೆ ಹಣ ಕೇಳಿದರೂ ಕೊಡಿ. ಎಂಟು ಸಾವಿರದಲ್ಲಿ ಉಳಿಯುವ ದುಡ್ಡಿನಲ್ಲಿ ದಪ್ಪ ಕಂಬಿಯ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡು ಹಾಕಿಸಿ; ನಿಮ್ಮ ಸಂತೆಯ ಚೀಲಕ್ಕೆ ಒಂಟಿ ಕಾಲಿನ ಸ್ಟ್ಯಾಂಡು ಸಾಲದು.

ಒಂದು ತಿಂಗಳು ಓಡಿಸಿದ ಮೇಲೆ ಹೊಸ ಕಡ್ಡಿಗಳು ಸ್ವಲ್ಪ ಸಡಿಲಾಗುವುದು ಸಹಜ. ಆಗ ಮತ್ತೊಮ್ಮೆ ಬೆಂಡು ತೆಗೆಸಿ, ಬ್ರೇಕಿನ ಕೇಬಲ್ ಬಿಗಿ ಮಾಡಿಸಿಕೊಳ್ಳಿ. ಗಾಳಿ ತುಂಬುವ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆಯಾದ ವಾಲ್‌ಟ್ಯೂಬಿನ ಒಂದೆರಡು ತುಂಡುಗಳು ಸೀಟಿನ ಕೆಳಗಿನ ಚೀಲದಲ್ಲಿ ಇರಲಿ. ಶಾಲೆಯ ದಾರಿಯಲ್ಲಿ ಗಾಳಿ ಇಳಿದರೆ ಎಷ್ಟೋ ಸಲ ಅದು ಪಂಚರ್ ಆಗಿರುವುದಿಲ್ಲ, ಆ ಸಣ್ಣ ರಬ್ಬರ್ ಹರಿದಿರುತ್ತದೆ.