ಗುಂಡು ಹಾರಿದ ಮೇಲೆ ಟ್ರಿಗರ್ ಮರಳಿ ಮುಂದಕ್ಕೆ ಬರುತ್ತಿಲ್ಲ

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಗುರಿ ಅಭ್ಯಾಸಕ್ಕೆಂದು ನಾನು ಬಳಸುವ .22 ಸೆಮಿ-ಆಟೋಮ್ಯಾಟಿಕ್ ರೈಫಲ್‌ನಲ್ಲಿ, ಸುಮಾರು 200 ಗುಂಡುಗಳಾದ ಮೇಲೆ, ಬೆರಳು ಸಡಿಲಿಸಿದರೂ ಟ್ರಿಗರ್ ಸ್ವಸ್ಥಾನಕ್ಕೆ ಮರಳುತ್ತಿಲ್ಲ. ಕಾರಣವೇನಿರಬಹುದು?

ಉತ್ತರ 1: ಮೊದಲು ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಬರಿದಾಗಿದೆಯೆಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. .22 ಗುಂಡುಗಳ ಮೇಣವೂ ಸುಡದೆ ಉಳಿದ ಮದ್ದಿನ ಪುಡಿಯೂ ಎಣ್ಣೆಯೊಡನೆ ಬೆರೆತು ಅಂಟಾಗಿ, ಟ್ರಿಗರ್ ಮತ್ತು ಡಿಸ್‌ಕನೆಕ್ಟರ್ (ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರುವಂತೆ ನೋಡಿಕೊಳ್ಳುವ ಭಾಗ) ಇವುಗಳ ಚಲನೆಯನ್ನು ತಡೆಯುವುದುಂಟು. ಆ ಭಾಗವನ್ನು ತೊಳೆದು ಒಣಗಿಸಿ, ಒಂದೇ ಹನಿ ಎಣ್ಣೆ ಹಾಕಿ. ನಾನು ಹಿಂದೆ ಎಣ್ಣೆ ಸುರಿದೇ ಕೆಡಿಸಿಕೊಂಡವನು.

ಉತ್ತರ 2: ತೊಳೆದ ಮೇಲೂ ಸರಿಹೋಗದಿದ್ದರೆ ಟ್ರಿಗರ್ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಸ್ಥಾನ ತಪ್ಪಿರಬಹುದು. ಖಾಲಿ ರೈಫಲ್‌ನ ಟ್ರಿಗರ್ ಒತ್ತಿಹಿಡಿದು ಬೋಲ್ಟನ್ನು (ಚೇಂಬರ್ ಮುಚ್ಚುವ, ಹಿಂದೆಮುಂದೆ ಸರಿಯುವ ಭಾಗ) ಹಿಂದಕ್ಕೆಳೆದು ಬಿಟ್ಟಾಗ, ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಭಾಗ) ನಿಲ್ಲದೆ ಬೋಲ್ಟಿನ ಜೊತೆಗೇ ಮುಂದಕ್ಕೆ ಬಂದರೆ, ಅದನ್ನು ಬಳಸದೆ ನೇರವಾಗಿ ಬಂದೂಕು ದುರಸ್ತಿಗಾರರಿಗೆ ಒಪ್ಪಿಸಿ.

ಪ್ರಶ್ನೆ ಕೇಳಿದವರು: ಹ್ಯಾಮರ್ ಸರಿಯಾಗಿಯೇ ನಿಲ್ಲುತ್ತಿದೆ. ಬಿಚ್ಚಿ ನೋಡಿದರೆ ಒಳಗೆಲ್ಲ ಕಪ್ಪು ಜಿಡ್ಡು. ತೊಳೆದ ಮೇಲೆ ಟ್ರಿಗರ್ ಮರಳುತ್ತಿದೆ.