ಅಪಾರ್ಟ್‌ಮೆಂಟ್‌ಗೆ ಎಇಡಿ ತಗೊಂಡವರು ಇದ್ದೀರಾ? ಅನುಭವ ಹೇಳಿ

ಕೇಳಿದವರು, ಬನಶಂಕರಿ: ನಮ್ಮಲ್ಲಿ 96 ಮನೆ, ವಯಸ್ಸಾದವರೇ ಜಾಸ್ತಿ. ಎಇಡಿ, ಅಂದರೆ ಹಠಾತ್ ಹೃದಯ ಸ್ತಂಭನ ಆದವರಿಗೆ ಶಾಕ್ ಕೊಡುವ ಮೆಷಿನ್, ಅದಕ್ಕೆ 1.10 ಲಕ್ಷ ಕೊಟೇಶನ್ ಬಂದಿದೆ. ದುಡ್ಡು ದಂಡ ಅಂತ ಅರ್ಧ ಜನರ ಗಲಾಟೆ. ತಗೊಳ್ಳಬಹುದಾ? ಎಲ್ಲಿ ಇಡಬೇಕು?

ಖಜಾಂಚಿ, ಹೆಬ್ಬಾಳ: ತಗೊಳ್ಳಿ. ಆದರೆ ಮೆಷಿನ್ ಬೆಲೆ ಒಂದೇ ನೋಡಬೇಡಿ. ನಾವು 1.18 ಲಕ್ಷ ಕೊಟ್ಟೆವು. ಅಲಾರಂ ಇರುವ ಗೋಡೆ ಪೆಟ್ಟಿಗೆಗೆ ಬೇರೆ 9,500. ಶಾಕ್ ಕೊಡಲು ಎದೆಗೆ ಅಂಟಿಸುವ ಪ್ಯಾಡ್‌ಗೆ ನಮ್ಮ ಮಾಡೆಲ್‌ನಲ್ಲಿ ಎರಡು ವರ್ಷ ಆಯಸ್ಸು. ಜೆಲ್ ಒಣಗಿದರೆ ಎದೆಗೆ ಅಂಟುವುದಿಲ್ಲ. ಹೊಸ ಜೊತೆ 7,800, ಬ್ಯಾಟರಿ 24,000. ಮೆಷಿನ್ ಬಂದ ದಿನ ಪ್ಯಾಡ್ ಕವರ್ ತಿರುಗಿಸಿ ನೋಡಿದರೆ ಅವಧಿ ಐದೇ ತಿಂಗಳು ಬಾಕಿ! ಫೋನ್ ಮಾಡಿದರೆ "ಅದೇ ಸ್ಟಾಕ್ ಇರೋದು ಸರ್" ಅಂದರು. ಬಾಕಿ ಹಣ ತಡೆಹಿಡಿದ ಮೇಲೆಯೇ ಬದಲಾಯಿಸಿಕೊಟ್ಟಿದ್ದು. ಜನರೇಟರ್ ಡೀಸೆಲ್‌ಗೆ ತಿಂಗಳಿಗೆ ಎಷ್ಟು ಸುರಿಯುತ್ತೇವೆ ಅಂತ ಯಾರೂ ಕೇಳುವುದಿಲ್ಲ. ಇದಕ್ಕೆ ಮಾತ್ರ ವಾರ್ಷಿಕ ಸಭೆಯಲ್ಲಿ ಕುರ್ಚಿ ಎತ್ತುವಷ್ಟು ಜಗಳ. ನಾನು ಹಿಡಿದ ಪಟ್ಟು ಬಿಡಲಿಲ್ಲ.

ಹಾಸನದವನು: ಎಲ್ಲಿ ಇಡಬೇಕು ಅಂತ ಕೇಳಿದಿರಲ್ಲ, ಅದನ್ನು ನಾನು ಹೇಳುತ್ತೇನೆ. ನಮ್ಮಣ್ಣ ಶಟಲ್ ಆಡುವಾಗ ಕುಸಿದುಬಿದ್ದ. ಕ್ಲಬ್‌ಹೌಸ್‌ನಲ್ಲಿ ಎಇಡಿ ಇತ್ತು. ಕಳ್ಳತನ ಆಗುತ್ತೆ ಅಂತ ಪೆಟ್ಟಿಗೆಗೆ ಬೀಗ ಜಡಿದಿದ್ದರು. ಕೀಲಿ ಸೂಪರ್‌ವೈಸರ್ ಹತ್ತಿರ, ಅವರು ರಜೆ. ಗಾಜು ಒಡೆಯಲು ಸೆಕ್ಯೂರಿಟಿಗೆ ಭಯ, ಕೆಲಸ ಹೋಗುತ್ತೆ ಅಂತ. ಶಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತೆ. ಅಣ್ಣ ಉಳಿಯಲಿಲ್ಲ. 2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜನ ಇಸಿಜಿ ಮಾಡಿಸಲು ಆಸ್ಪತ್ರೆ ಮುಂದೆ ಸಾಲು ನಿಂತರು. ಆ ಕ್ಲಬ್‌ಹೌಸ್ ಪೆಟ್ಟಿಗೆಗೆ ಆಗಲೂ ಬೀಗವೇ ಇತ್ತು.

ನಿವೃತ್ತ ನರ್ಸ್, ಮೈಸೂರು: ಎಲ್ಲರೂ ಮೆಷಿನ್ ಮೆಷಿನ್ ಅಂತೀರಿ. ಅದು ಬರುವವರೆಗೆ ಎದೆ ಒತ್ತುವವರು ಯಾರು? ನಮ್ಮ ಪಾರ್ಕ್ ಗುಂಪು ಎಇಡಿ ತಗೊಳ್ಳಲಿಲ್ಲ. 6,000ಕ್ಕೆ ಒಂದು ಅಭ್ಯಾಸದ ಬೊಂಬೆ ತಗೊಂಡು ಎಲ್ಲರಿಗೂ ಸಿಪಿಆರ್, ಅಂದರೆ ಎದೆ ಒತ್ತುವುದನ್ನು ಕಲಿಸಿದೆ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳ. ಆಮೇಲೆ ಒಬ್ಬ ಹೆಂಗಸು ವಾಕಿಂಗ್‌ನಲ್ಲೇ ಬಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಕೈಗೆ ಬೀಗದ ಕೈ ತುರುಕಿದರು. ಗಂಡಸರು ಮುಟ್ಟುವುದು ಹೇಗೆ ಅಂತ ದೂರ ನಿಂತರು. ಕಲಿತ ಇಬ್ಬರು ಹುಡುಗಿಯರು, ನಾನು ಸರದಿಯಲ್ಲಿ ಒತ್ತಿದೆವು. ಶಾಕ್ ಕೊಟ್ಟಿದ್ದು ಆಂಬುಲೆನ್ಸ್‌ನವರು. ಆಕೆ ಈಗಲೂ ನಮ್ಮ ಜೊತೆ ನಡೆಯುತ್ತಾರೆ.

ಖಜಾಂಚಿ, ಹೆಬ್ಬಾಳ: ಅದು ನಿಮ್ಮ ಅದೃಷ್ಟ ಮೇಡಂ. ಸಂಜೆ ಆರಕ್ಕೆ ಹೆಬ್ಬಾಳ ಫ್ಲೈಓವರ್ ಕೆಳಗೆ ಆಂಬುಲೆನ್ಸ್ ತಂದು ತೋರಿಸಿ.

ನಿವೃತ್ತ ನರ್ಸ್, ಮೈಸೂರು: ಅದೃಷ್ಟ ಅನ್ನಬೇಡಿ. ಆ ಹುಡುಗಿಯರ ಕೈ ಸೋತುಹೋಗಿತ್ತು. ನಿಮ್ಮ ಸೆಕ್ಯೂರಿಟಿಯವರಲ್ಲಿ ಎಷ್ಟು ಜನಕ್ಕೆ ಪ್ಯಾಡ್ ಹಚ್ಚಲು ಬರುತ್ತೆ? ಸೆರಗು ಸರಿಸಿ, ರವಿಕೆ ಕತ್ತರಿಸಿ, ಒಂದು ಪ್ಯಾಡ್ ಬಲಗಡೆ ಕಾಲರ್ ಬೋನ್ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ. ಬೆವರಿದ್ದರೆ ಒರೆಸಬೇಕು. ಪೆಟ್ಟಿಗೆಯಲ್ಲಿ ಕತ್ತರಿ, ಟವೆಲ್ ಇಟ್ಟಿದ್ದೀರಾ?

ಖಜಾಂಚಿ, ಹೆಬ್ಬಾಳ: ಕತ್ತರಿ, ರೇಜರ್ ಎರಡೂ ಇವೆ. ತರಬೇತಿಯೂ ಕೊಡಿಸಿದ್ದೇವೆ. ಆದರೆ ಗಾರ್ಡ್‌ಗಳು ಏಜೆನ್ಸಿಯವರು. ಕಲಿತವರು ಬೇರೆ ಕಡೆಗೆ ಹೋಗುತ್ತಾರೆ, ಹೊಸಬರಿಗೆ ಮತ್ತೆ ಮೊದಲಿಂದ.

ವಕೀಲ, ರಾಜಾಜಿನಗರ: ನಮ್ಮ ಅಸೋಸಿಯೇಷನ್ ಬೇಡ ಅಂದಿತು. ಸಲಹೆ ಕೊಟ್ಟಿದ್ದು ನಾನೇ, ಈಗಲೂ ಅದೇ ಮಾತು. ಶಾಕ್ ಕೊಟ್ಟ ಮೇಲೆ ಸತ್ತರೆ ಮನೆಯವರು ಸುಮ್ನೆ ಬಿಡುತ್ತಾರಾ? ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕೊಡುವ ರಕ್ಷಣೆ ರಸ್ತೆ ಅಪಘಾತಕ್ಕೆ ಮಾತ್ರ. ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ, ಜನ ಸೇರುವ ಕಡೆ ಸರ್ಕಾರವೇ ಇಡಲಿ.

ಹಾಸನದವನು: ಸ್ವಾಮಿ, ಬಿದ್ದವರ ಉಸಿರು ಆಗಲೇ ನಿಂತಿರುತ್ತೆ. ಶಾಕ್ ಬೇಕಾ ಬೇಡವಾ ಅಂತ ಎದೆಬಡಿತದ ಲಯ ನೋಡಿ ಮೆಷಿನ್ನೇ ಹೇಳುತ್ತೆ. ಬೇಡ ಅಂದರೆ ಗುಂಡಿ ಒತ್ತಿದರೂ ಶಾಕ್ ಬರುವುದಿಲ್ಲ. ನಮ್ಮಣ್ಣನ ಪೆಟ್ಟಿಗೆಗೆ ಬೀಗ ಹಾಕಿಸಿದ್ದೂ ಇಂಥದ್ದೇ ಭಯ. ಸರ್ಕಾರ ನಿಮ್ಮ ಲಿಫ್ಟ್ ಪಕ್ಕಕ್ಕೆ ಬರುತ್ತಾ?

ವಕೀಲ, ರಾಜಾಜಿನಗರ: ದುಃಖ ಅರ್ಥ ಆಗುತ್ತೆ. ಆದರೆ ಕೋರ್ಟಿಗೆ ಅಲೆಯುವವರು ನೀವಲ್ಲ.

ಹಾಸನದವನು: ಸ್ಮಶಾನಕ್ಕೆ ಹೋದವನು ನಾನು.

ಲೀಡ್ಸ್ ಕನ್ನಡಿಗ: ಇಲ್ಲಿ ಇಂಗ್ಲೆಂಡ್‌ನಲ್ಲಿ ಹಳೇ ಕೆಂಪು ಫೋನ್ ಬೂತ್‌ಗಳಲ್ಲೂ ಎಇಡಿ ಇಟ್ಟಿದ್ದಾರೆ. ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿದರೆ ಹತ್ತಿರದ್ದು ಎಲ್ಲಿದೆ ಅಂತ ಹೇಳಿ, ಪೆಟ್ಟಿಗೆ ತೆರೆಯುವ ಕೋಡ್ ಕೊಡುತ್ತಾರೆ. ನಮ್ಮ ಕನ್ನಡ ಸಂಘವೂ ರಾಜ್ಯೋತ್ಸವದ ದುಡ್ಡಲ್ಲಿ ಒಂದು ತಗೊಂಡಿತು. ದಿ ಸರ್ಕ್ಯೂಟ್ ಅನ್ನುವ ಪಟ್ಟಿಗೆ ಸೇರಿಸದಿದ್ದರೆ ಅದು ಇರುವುದೇ ಆಂಬುಲೆನ್ಸ್‌ನವರಿಗೆ ತಿಳಿಯದು ಅಂದರು. ಸೇರಿಸಿದೆವು.

ಖಜಾಂಚಿ, ಹೆಬ್ಬಾಳ: ಒಳ್ಳೆಯದೇ. ಆದರೆ ಇವರು ಬನಶಂಕರಿಯಲ್ಲಿದ್ದಾರೆ.

ಕೇಳಿದವರು, ಬನಶಂಕರಿ: ಖಜಾಂಚಿಯವರೇ, ಆ ಬಾಕಿ ಹಣ ತಡೆಹಿಡಿಯುವ ಷರತ್ತನ್ನು ಆರ್ಡರ್‌ನಲ್ಲಿ ಹೇಗೆ ಬರೆದಿರಿ? ಭಾನುವಾರ ಕಮಿಟಿ ಮೀಟಿಂಗ್ ಇದೆ.

ಖಜಾಂಚಿ, ಹೆಬ್ಬಾಳ: "ಪ್ಯಾಡ್‌ಗೆ ಕನಿಷ್ಠ 20 ತಿಂಗಳು ಅವಧಿ ಇರಬೇಕು, ಪರೀಕ್ಷಿಸಿದ ಮೇಲೆಯೇ ಕೊನೆಯ ಶೇ. 30 ಹಣ" ಅಂತ ಬರೆಯಿರಿ. ಪೆಟ್ಟಿಗೆಗೆ ಬೀಗ ಬೇಡ ಅಂತಲೂ ಸೇರಿಸಿ, ಹಾಸನದವರು ಹೇಳಿದ ಹಾಗೆ.