ಪದಚರ್ಚೆ: ಉಭಯಚರವೋ, ಉಭಯಜೀವಿಯೋ? ಸಿಸಿಲಿಯನ್ನಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಕೊಟ್ಟಿಗೆಹಾರದ ಸಮೀಪ ಹಳ್ಳವೊಂದರ ಬದಿಯಲ್ಲಿ ನಿಲ್ಲಿಸಲಿರುವ ಫಲಕಕ್ಕೆ ಕನ್ನಡ ಪಠ್ಯ ಸಿದ್ಧಪಡಿಸುತ್ತಿದ್ದೇನೆ. ಬರೆಯುವ ಪೇಂಟರ್ ಸೋಮವಾರ ಬರುತ್ತಾರೆ. ಇಂಗ್ಲಿಷಿನ 'ಆಂಫಿಬಿಯನ್'ಗೆ ಉಭಯಚರ, ಉಭಯಜೀವಿ, ಉಭಯವಾಸಿ ಎಂಬ ಮೂರು ಪದಗಳು ಕಣ್ಣಿಗೆ ಬಿದ್ದಿದ್ದು, ಯಾವುದನ್ನು ಉಳಿಸಿಕೊಳ್ಳಬೇಕೆಂದು ತೋಚುತ್ತಿಲ್ಲ. ಅದಕ್ಕಿಂತ ದೊಡ್ಡ ತೊಡಕು, ಕಪ್ಪೆಯ ಬಳಗಕ್ಕೆ ಸೇರಿದ ಕಾಲಿಲ್ಲದ ಪ್ರಾಣಿ 'ಸಿಸಿಲಿಯನ್' ಎಂಬುದರದು. ಕಳೆದ ಮಳೆಗಾಲದಲ್ಲಿ ನಮ್ಮ ಕಾಫಿ ತೋಟದಲ್ಲಿ ಗುಂಡಿ ತೆಗೆಯುವಾಗ ಗೇಣುದ್ದದ, ಎರೆಹುಳುವಿನಂತೆ ಮೈಯೆಲ್ಲ ಉಂಗುರಗಳಿದ್ದ, ಎರಡೂ ಪಕ್ಕದಲ್ಲಿ ಹಳದಿ ಪಟ್ಟೆಯಿದ್ದ ಪ್ರಾಣಿಯೊಂದು ಗುದ್ದಲಿಗೆ ಸಿಕ್ಕಿತು. ಹಾವಿನ ಮರಿಯೆಂದು ಆಳುಗಳು ಕೊಂದುಹಾಕಿದ ಮೇಲೆ ಕಡ್ಡಿಯಿಂದ ಬಾಯಿ ಬಿಡಿಸಿ ನೋಡಿದೆ. ಸಣ್ಣ ಹಲ್ಲುಗಳ ಸಾಲಿತ್ತು, ಕಣ್ಣು ಬರಿಯ ಚುಕ್ಕಿಯಷ್ಟಿತ್ತು. ಅದನ್ನು ಏನೆಂದು ಕರೆಯುತ್ತೀರೆಂದು ಕೇಳಿದರೆ ಅವರಲ್ಲಿ ಹೆಸರಿರಲಿಲ್ಲ. ತಿಳಿದವರು ದಯವಿಟ್ಟು ಬೇಗ ತಿಳಿಸಬೇಕು.

— ಮೂಡಿಗೆರೆಯಿಂದ

ಉಭಯಚರ ಎಂಬುದು ತಪ್ಪು ಅನುವಾದ. 'ಆಂಫಿಬಿಯನ್' ಪದದ ಮೂಲವಾದ ಗ್ರೀಕಿನಲ್ಲಿ 'ಬಯೋಸ್' ಎಂದರೆ ಬಾಳು. ಅಲ್ಲಿಗೆ 'ಚರ' ಎಲ್ಲಿಂದ ನುಸುಳಿತು? ನೆಲದ ಮೇಲೂ ನೀರಿನಲ್ಲೂ ಓಡಾಡುವುದೆಲ್ಲ ಉಭಯಚರವೆಂದು ತಿಳಿದು, ಆಮೆ ಮೊಸಳೆಗಳನ್ನು ಅದೇ ಪಟ್ಟಿಗೆ ಸೇರಿಸುವ ಮಕ್ಕಳು ಅಂಕ ಕಳೆದುಕೊಳ್ಳುತ್ತಿರುವುದು ಈ 'ಚರ'ದಿಂದಲೇ. ಇರ್ಮಡಿ, ಇರ್ತಲೆಗಳನ್ನು ಕಟ್ಟಿಕೊಂಡ ನುಡಿಗೆ 'ಇರ್ಬಾಳಿಗ' ಎಂದು ಕಟ್ಟಿಕೊಳ್ಳಲು ಬಾರದೆ? ಸಂಸ್ಕೃತದ ಹಂಗು ಇಲ್ಲಿ ಅನಗತ್ಯ. ಸಿಸಿಲಿಯನ್ನಿಗೆ ಕುರುಡುಹಾವು ಎಂದರೆ ಮುಗಿಯಿತು. ಆ ಹೆಸರಿನ ಲ್ಯಾಟಿನ್ ಮೂಲಕ್ಕೂ ಕುರುಡು ಎಂದೇ ಅರ್ಥ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

— ಹಾಸನದಿಂದ

ಚರ್ಚೆಗೆ ಬೇಕಾದಷ್ಟಿದೆ. ಮೊಸಳೆಯ ಗೊಂದಲಕ್ಕೆ 'ಚರ' ಕಾರಣವಾಗಿದ್ದರೆ, 1758ರಲ್ಲಿ ಜೀವಿಗಳನ್ನು ವರ್ಗೀಕರಿಸಿದ ವಿಜ್ಞಾನಿ ಲಿನೇಯಸ್ 'ಆಂಫಿಬಿಯ' ಎಂಬ ವರ್ಗದೊಳಗೆ ಹಾವು, ಆಮೆ, ಮೊಸಳೆಗಳನ್ನು ತಾನೇ ತುರುಕಿದ್ದೇಕೆ? ನಮ್ಮ ಘಟ್ಟದ ಪೊದೆಗಪ್ಪೆಗಳಲ್ಲಿ ಹಲವು ಮೊಟ್ಟೆಯಿಡಲು ನೀರಿಗೆ ಇಳಿಯುವುದೇ ಇಲ್ಲ. ಎಲೆಯ ಮೇಲೋ ತರಗಿನ ಅಡಿಯಲ್ಲೋ ಇಟ್ಟ ಮೊಟ್ಟೆಯಿಂದ, ಈಜುವ ಗೊದಮೊಟ್ಟೆಯ ಹಂತವೇ ಇಲ್ಲದೆ, ನಾಲ್ಕು ಕಾಲಿನ ಪುಟ್ಟ ಕಪ್ಪೆ ಹೊರಬೀಳುತ್ತದೆ. ಅದಕ್ಕೆ 'ಉಭಯ' ಹೊಂದದಿದ್ದರೆ 'ಇರ್' ಕೂಡ ಹೊಂದುವುದಿಲ್ಲ, ಏಕೆಂದರೆ ಎರಡೂ ಎರಡೇ. ಮೇಲಾಗಿ ಇರ್ಮಡಿ ಇಮ್ಮಡಿಯಾದಂತೆ ಇರ್ಬಾಳಿಗ ಇಂದಿನ ಬಾಯಲ್ಲಿ ಇಬ್ಬಾಳಿಗನಾಗುತ್ತಾನೆ. ನಮ್ಮ ಕಡೆ ಅದನ್ನು ಕೇಳಿದವರು ಎರಡು ಸಂಸಾರ ಹೂಡಿದವನೆಂದೇ ತಿಳಿದಾರು.

ಕುರುಡುಹಾವು ಎಂಬ ಹೆಸರು ಎರೆಹುಳುವಿನಂಥ ಸಣ್ಣ ಹಾವಿಗೆ ಆಗಲೇ ಸಂದಿದೆ. ಫಲಕದಲ್ಲಿ 'ಹಾವು' ಎಂದು ಬರೆದ ಮೇಲೆ ಗುದ್ದಲಿಯನ್ನು ತಡೆಯುವವರು ಯಾರು? ಸಿಸಿಲಿಯನ್ನಿನ ಮೈ ಕಪ್ಪೆಯ ಮೈಯಂತೆ ತೇವವಾದದ್ದು, ಚರ್ಮದಿಂದಲೂ ಉಸಿರಾಡುತ್ತದೆ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ವಾಸನೆ ಹಿಡಿಯುವ ಸಣ್ಣ ಮೀಸೆಯಂಥ ಅಂಗವಿದೆ. ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿ ಕಾಯುತ್ತದೆ. ಪಠ್ಯದಲ್ಲಿ 'ಹುರುಪೆಯಿಲ್ಲದ ಚರ್ಮ' ಎಂದಿದ್ದರೆ 'ಹೊರಗೆ ಕಾಣುವ' ಎಂಬುದನ್ನು ಸೇರಿಸಿರಿ, ಏಕೆಂದರೆ ಇದರ ಉಂಗುರಗಳ ಮಡಿಕೆಯೊಳಗೆ ಸೂಕ್ಷ್ಮ ಹುರುಪೆಗಳು ಅಡಗಿರುತ್ತವೆ.

ಎರವಲಿನ ಬಗ್ಗೆ ಇಷ್ಟೇಕೆ ಸಿಡುಕು? ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುವ ಮಲೆನಾಡಿನ ಕಪ್ಪೆಗೆ 2014ರಲ್ಲಿ ವಿಜ್ಞಾನಿಗಳು 'ನಿಕ್ಟಿಬಟ್ರಾಕಸ್ ಕುಂಬಾರ' ಎಂದು ಹೆಸರಿಟ್ಟರು. ಪ್ರಾಣಿವಿಜ್ಞಾನಿ ಸಿ. ಆರ್. ನಾರಾಯಣರಾಯರು 1937ರಲ್ಲಿ ವರ್ಣಿಸಿದ, ಹಿಂಗಾಲು ಚಾಚಿ ಕುಣಿಯುವ ಕಪ್ಪೆಯೊಂದರ ಹೆಸರಿನಲ್ಲಿ ಫಲಕ ನಿಲ್ಲುವ ಊರೇ ಇದೆ: 'ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್'. ಲ್ಯಾಟಿನ್ ಮೈಲಿಗೆಯಾಯಿತೆಂದು ಯಾರೂ ಕೂಗಲಿಲ್ಲ.

— ಚಿಕ್ಕಮಗಳೂರಿನಿಂದ

ಕುಂಬಾರನಿಗೂ ಸಂಸ್ಕೃತದ ಕುಂಭಕಾರನೇ ಮೂಲ. ಉದಾಹರಣೆ ಕೊಡುವ ಮೊದಲು ನೋಡಬೇಕಿತ್ತು.

— ಹಾಸನದಿಂದ

ಇಬ್ಬರಿಗೂ ವಂದನೆಗಳು. ಊರವರಿಗೆ ಶಾಲೆಯಿಂದಲೇ ಪರಿಚಿತವಾದ್ದರಿಂದ ಉಭಯಚರವನ್ನೇ ಉಳಿಸಿಕೊಂಡಿದ್ದೇನೆ. ಪೇಂಟರಿಗೆ ಕೊಟ್ಟ ಸಾಲು ಹೀಗಿದೆ: 'ಇದು ಹಾವಲ್ಲ, ಎರೆಹುಳುವೂ ಅಲ್ಲ, ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯಚರ, ಕಪ್ಪೆಯ ನೆಂಟ. ದಯವಿಟ್ಟು ಕೊಲ್ಲಬೇಡಿ.'

— ಮೂಡಿಗೆರೆಯಿಂದ